ಮಾವನ ದನಿಗೊಂದು ಪ್ಯಾಕೇಜು

ಗುಂಡ್ಲುಪೇಟೆಯಲ್ಲಿ ದೆವ್ವಗಳಿಲ್ಲ ಎಂದು ಬಹಿರಂಗವಾಗಿ ಸಾರಿದ ವ್ಯಕ್ತಿ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಿಂಬೆಹಣ್ಣಿನಿಂದ ರಕ್ತ ಬರಿಸುವುದು, ತೆಂಗಿನಕಾಯಿಯಲ್ಲಿ ತಾನಾಗಿಯೇ ಬೆಂಕಿ ಹೊತ್ತಿಸುವುದು, ಇವುಗಳ ಗುಟ್ಟನ್ನೆಲ್ಲ ಮಕ್ಕಳೆದುರು ಬಯಲು ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಆದ್ದರಿಂದ ಮಹಾಲಯ ಅಮಾವಾಸ್ಯೆಯ ಸಂಜೆ ಜಗಲಿಯ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ ನಡುಗುತ್ತಿದ್ದ ಗಂಡಸು ನಾನೇ ಎಂದು ಯಾರಾದರೂ ನಿಮಗೆ ಹೇಳಿದರೆ, ದಯವಿಟ್ಟು ಒಮ್ಮೆ ನನ್ನ ಹೇಳಿಕೆಯನ್ನೂ ಪೂರ್ತಿ ಕೇಳಿ ತೀರ್ಮಾನಕ್ಕೆ ಬನ್ನಿ.

ಎಲ್ಲಕ್ಕೂ ಮೂಲ ನಮ್ಮ ಮಾವನವರ ದನಿ. ಮಾವನಿಗೆ ಬಸ್ ಸ್ಟ್ಯಾಂಡಿನ ಬಳಿ ವೀಳ್ಯದೆಲೆ ಅಂಗಡಿಯಿತ್ತು. ಬಹಳ ಕಡಿಮೆ ಮಾತಿನ ಮನುಷ್ಯ. ಗಿರಾಕಿ ಬೆರಳು ತೋರಿಸುತ್ತಿದ್ದ, ಇವರು ಎಲೆ ಕಟ್ಟಿ ಕೊಡುತ್ತಿದ್ದರು, ವ್ಯಾಪಾರ ಮುಗಿಯುತ್ತಿತ್ತು. ಮನೆಯಲ್ಲೂ ಅಷ್ಟೆ. ಒಮ್ಮೆ ನಾನು ಹೊಸ ಟೇಪ್ ರೆಕಾರ್ಡರ್ ಕೊಂಡು ತಂದು, "ಏನಾದ್ರೂ ಮಾತಾಡಿ ಮಾವ" ಎಂದು ಅವರ ಎದುರಿಗಿಟ್ಟೆ. ಅವರು ಫೋಟೋಗೆ ಕೂತವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು. ತುಟಿ ಬಿಚ್ಚಲಿಲ್ಲ! ನನಗೆ ಬೇಜಾರಾಗಿ ಎದ್ದುಹೋದೆ. ಟೇಪು ನಿಲ್ಲಿಸಲು ಮರೆತೆ, ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ಎಲ್ಲರೂ ಹೋದರು ಎಂದು ಖಾತ್ರಿಯಾದ ಮೇಲೆ ಮಾವ ಕೆಮ್ಮಿದ್ದಾರೆ, ಗೊಣಗಿದ್ದಾರೆ, ಮನೆಯವರನ್ನು ಕರೆದು ಒಂದೆರಡು ಮಾತಾಡಿದ್ದಾರೆ. ಒಂದು ನಿಮಿಷವೂ ಇಲ್ಲ. ಅವರು ಭೂಮಿಯ ಮೇಲೆ ಬಿಟ್ಟುಹೋದ ದನಿ ಅದಿಷ್ಟೇ.

ಅವರು ತೀರಿಕೊಂಡ ಮೇಲೆ ಅತ್ತೆ ಪುಟ್ಟತಾಯಮ್ಮನವರು ಒಬ್ಬರೇ ಆಗುತ್ತಾರೆಂದು ನಾನೂ ನನ್ನ ಹೆಂಡತಿ ನಾಗರತ್ನಳೂ ಅವರ ಮನೆಗೇ ಬಂದು ಸೇರಿದೆವು. ಊರು ನನ್ನನ್ನು ಮನೆ ಅಳಿಯ ಎಂದು ಕರೆಯಿತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಬರುವಾಗ ನನ್ನ ಕಂಪ್ಯೂಟರನ್ನೂ ತಂದು ನಡುಮನೆಯಲ್ಲಿ ಸ್ಥಾಪಿಸಿದೆ. ಪ್ಲಗ್ ಪಾಯಿಂಟ್ ಇದ್ದದ್ದು ಒಂದೇ ಗೋಡೆಗೆ. ಮಾವನ ಪಟ ತೂಗುಹಾಕಿದ್ದೂ ಅದೇ ಗೋಡೆಗೆ. ಹೀಗಾಗಿ ನಾನು ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ಮಾವ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ನಂಬಿಕೆ ಇರಲಿಲ್ಲ.

ಕ್ಯಾಸೆಟ್ಟಿನಲ್ಲಿದ್ದ ದನಿಯನ್ನು ನಾನೇ ವೈರು ಸಿಕ್ಕಿಸಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಒಳ್ಳೆಯದೇ ಆಯಿತು. ಯಾಕೆಂದರೆ ಮಾರನೆಯ ವಾರ ಟೇಪ್ ರೆಕಾರ್ಡರ್ ಆ ಕ್ಯಾಸೆಟ್ಟನ್ನು ಜಗಿದು ನುಂಗಿಬಿಟ್ಟಿತು.

ಆಷಾಢ ಕಳೆದು ಶ್ರಾವಣ ಬಂದಾಗ ಒಂದು ದಿನ ಅತ್ತೆ ಸೊಪ್ಪು ಸೋಸುತ್ತಾ ನನ್ನ ಮುಖ ನೋಡದೆ ಹೇಳಿದರು: "ಅಳಿಯಂದ್ರೆ, ಅವ್ರ ಮೊಕ ಪಟದಲ್ಲದೆ, ನೋಡ್ಕತೀನಿ. ದನಿ ಮಾತ್ರ ಮರ್ತೋಯ್ತಾ ಅದೆ ಕಣಪ್ಪ. ನೆನ್ಸಕಂಡ್ರೂ ಬರಲ್ದು. ನಿಮ್ ಪೆಟ್ಗೇಲಿ ಅದೆ ಅಂತ ರತ್ನ ಅಂದ್ಲು. ಹಿರೇರ ಹಬ್ಬದೊಳ್ಗೆ ಒಂದ್ ದಪ ಕೇಳುಸ್ಬುಡಿ."

"ಒಂದು ಸಲ ಯಾಕತ್ತೆ? ದಿನಾ ಕೇಳಿ!" ಎಂದೆ.

ನನ್ನ ಜೀವನದಲ್ಲಿ ನಾನು ಇಷ್ಟು ಧೈರ್ಯವಾಗಿ ಆಡಿದ ಮಾತು ಇನ್ನೊಂದಿಲ್ಲ. ಆಗಲೇ ಎದ್ದು ಬಟನ್ ಒತ್ತಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ. ಆದರೆ ಆಗ ಕರೆಂಟಿರಲಿಲ್ಲ. ಕರೆಂಟು ಬರುವಷ್ಟರಲ್ಲಿ ನನಗೆ ಒಂದು ಯೋಚನೆ ಬಂದಿತ್ತು.

ಯೋಚನೆ ಏನೆಂದರೆ, ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಅದನ್ನು ತೆಗೆದು, ಶುದ್ಧ ಮಾಡಿ, ಆಮೇಲೆ ಮಾವನ ದನಿ ಕೇಳಿಸುವುದು ಭೂಷಣವೆಂದು ನನಗೆ ತೋರಿತು. ಗಣಿತದ ಮೇಷ್ಟ್ರು ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ, ಪೆಂಗ್ವಿನ್ ಚಿತ್ರವಿದ್ದ ಸಿ.ಡಿ.ಗಳನ್ನು ಕೊಟ್ಟಿದ್ದರು. ಲಿನಕ್ಸ್! ಕಂಪ್ಯೂಟರನ್ನು ನಡೆಸುವ ಹೊಸ ತಂತ್ರಾಂಶ, ವೈರಸ್ ಹತ್ತಿರ ಸುಳಿಯುವುದಿಲ್ಲ, ಯಾರಪ್ಪನ ಸ್ವತ್ತೂ ಅಲ್ಲ, ಸರ್ವಸ್ವತಂತ್ರ. ಸ್ಟಾಫ್ ರೂಮಿನಲ್ಲಿ ಅದರ ಮೇಲೆ ನಾನು ಒಂದು ಪೀರಿಯಡ್ಡು ಭಾಷಣವನ್ನೂ ಮಾಡಿದೆ. ಭಾನುವಾರ ಸ್ನಾನ ಮಾಡಿ ಕೂತು ಹಳೆಯದನ್ನು ಅಳಿಸಿ ಇದನ್ನು ಹಾಕಿದೆ. ಮಾವನ ದನಿಯಿದ್ದ ಭಾಗವನ್ನು ಮಾತ್ರ ಮುಟ್ಟದೆ ಉಳಿಸಿಕೊಂಡೆ. ತೆರೆ ಚೆಲುವಾಗಿ ಬಂತು. ಫೈಲು ಇತ್ತು. ಅತ್ತೆಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಅವರು ತಲೆಯ ಮೇಲೆ ಸೆರಗು ಹೊದ್ದುಕೊಂಡರು, ಗಂಡನ ಎದುರು ಕೂತ ಹಾಗೆ.

ಒತ್ತಿದೆ. ತೆರೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯಿತು. ಕೊನೆ ಮುಟ್ಟಿ ನಿಂತಿತು. ಸದ್ದಿಲ್ಲ!

"ಮಾತಾಡುದ್ರಾ?" ಎಂದರು ಅತ್ತೆ.

"ಇನ್ನೂ ಇಲ್ಲ ಅತ್ತೆ."

"ಅವ್ರು ಅಂಗೆಯ. ಕರ್ದೇಟ್ಗೆ ಯಾವತ್ತು ಮಾತಾಡವ್ರೆ?" ಎಂದು ಸಮಾಧಾನದಿಂದಲೇ ಎದ್ದುಹೋದರು. ನನಗೆ ಮಾತ್ರ ಮೇಲಿನಿಂದ ಪಟ ನೋಡುತ್ತಿರುವುದು ಕುತ್ತಿಗೆಯ ಹಿಂಭಾಗಕ್ಕೆ ತಿಳಿಯುತ್ತಿತ್ತು.

ವಿಷಯ ಇಷ್ಟು. ಲಿನಕ್ಸಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಗಂಟು ಬೇಕು. ಅದಕ್ಕೆ ಪ್ಯಾಕೇಜು ಎನ್ನುತ್ತಾರೆ. ಆ ಜಾತಿಯ ಫೈಲು ಹಾಡಿಸುವ ಪ್ಯಾಕೇಜು ಅದರಲ್ಲಿರಲಿಲ್ಲ. ಏನೋ ಕಾನೂನಿನ ತೊಡಕಂತೆ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದಿತು. ನಮ್ಮ ಮನೆಯಲ್ಲಿ ಇಂಟರ್ನೆಟ್ ಎಲ್ಲಿಂದ ಬರಬೇಕು? ಇಳಿಸಿಕೊಂಡು ಸಿ.ಡಿ.ಗೆ ಹಾಕಿಕೊಡುವವನು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬನೇ. ಚಾಮರಾಜನಗರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಸಾದಿಕ್ ಭಾಯಿ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿಕೊಂಡು ತೆರಕಣಾಂಬಿ ಮೇಲಿನ ಬಸ್ಸು ಹತ್ತಿದೆ.

"ಅರೆ ಮೇಷ್ಟ್ರೆ, ಫಿಕರ್ ಮಾಡ್ಬೇಡಿ" ಎಂದ ಸಾದಿಕ್ ಭಾಯಿ. "ನಿಮ್ಗೆ ಏನ್ ಹೆಸ್ರು ಬೇಕು ಹೇಳಿ, ಕೊಡ್ತೀನಿ. ಒಳ್ಗಡೆ ಏನೈತೆ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಅಲ್ಲಾಗೆ ಗೊತ್ತು." ಇಷ್ಟು ಪ್ರಾಮಾಣಿಕವಾದ ತಾಂತ್ರಿಕ ಸಲಹೆ ನನಗೆ ಆಮೇಲೆಂದೂ ಸಿಗಲಿಲ್ಲ.

ಸಿ.ಡಿ. ತಂದು ಹಾಕಿದೆ. ಕಂಪ್ಯೂಟರ್ ಒಪ್ಪಲಿಲ್ಲ. ಈ ಪ್ಯಾಕೇಜು ಬೇಕಾದರೆ ಮೊದಲು ಇನ್ನೊಂದು ಬೇಕು ಎಂದಿತು. ಮುಂದಿನ ವಾರ ಆ ಇನ್ನೊಂದನ್ನು ತಂದೆ. ಅದು ಬೇಕಾದರೆ ಮತ್ತೆರಡು ಬೇಕು ಎಂದಿತು. ಆ ಎರಡನ್ನು ತಂದೆ. ಒಂದನ್ನು ತೆಗೆದುಕೊಂಡು, ಇನ್ನೊಂದು ಹಳೆಯದಾಯಿತು, ಹೊಸದು ತಾ ಎಂದಿತು. ಹೊಸದು ತಂದರೆ, ಇದು ಬಹಳ ಹೊಸದು ಎಂದಿತು! ಗುಂಡ್ಲುಪೇಟೆ-ಚಾಮರಾಜನಗರದ ಬಸ್ಸಿನ ಕಂಡಕ್ಟರು ನನ್ನನ್ನು ಕಂಡರೆ ಕೇಳದೆಯೇ ಟಿಕೆಟ್ ಹರಿಯತೊಡಗಿದ.

"ರೀ, ನಮ್ಮಪ್ಪನ ದನಿ ಕೇಳಕ್ಕೆ ಕಂಪ್ಯೂಟ್ರು. ಕಂಪ್ಯೂಟ್ರಿಗೆ ಸಿ.ಡಿ. ತರಕ್ಕೆ ಬಸ್ಸು. ಆ ಟೇಪ್ ರೆಕಾರ್ಡ್ರಿಗೆ ಯಾವತ್ತಾರ ಬಸ್ ಚಾರ್ಜ್ ಕೊಟ್ಟಿದ್ರಾ?" ಎಂದಳು ನಾಗರತ್ನ. "ಆ ಫೈಲನ್ನೇ ತಕ್ಕೊಂಡೋಗಿ ಸಾದಿಕ್ ಭಾಯಿ ಅಂಗ್ಡೀಲಿ ಹಾಕ್ಸಿ ನೋಡಬಾರ್ದಾ?"

ಸಲಹೆ ಚೆನ್ನಾಗಿಯೇ ಇತ್ತು. ಆದರೆ ನನ್ನ ಫ್ಲಾಪಿ ಡ್ರೈವು ಎಂದೋ ಸತ್ತಿತ್ತು, ಸಿ.ಡಿ. ಬರೆಯುವ ಯೋಗ್ಯತೆ ನನ್ನ ಕಂಪ್ಯೂಟರಿಗಿರಲಿಲ್ಲ. ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರೂ, ವರ್ಷ ತುಂಬುವ ತನಕ ಅತ್ತೆ ಊರ ಗಡಿ ದಾಟುವಂತಿರಲಿಲ್ಲ. ಇವೆಲ್ಲ ಹೊರಗೆ ಹೇಳಿದ ಕಾರಣಗಳು. ಒಳಗಿನ ಕಾರಣ ಹಠ. ಒಂದು ಯಂತ್ರ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿ ನಾಳೆ ಬಾ, ನಾಳೆ ಬಾ ಅನ್ನುವುದೇ?

ಅತ್ತೆಗೆ ಮಾತ್ರ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಮೈಮೇಲ್ ಬಂದೋರು ಇಂಗೇ ಕೇಳಾದು ಕಣಪ್ಪ" ಎಂದರು. "ಮೊದ್ಲು ಬಳೆ ಅಂತದೆ. ಬಳೆ ತೊಡ್ಸುದ್ರೆ ಸೀರೆ ಅಂತದೆ. ಸೀರೆ ಉಡ್ಸುದ್ರೆ ಕೋಳಿ ಅಂತದೆ. ಅದೇನ್ ಕೇಳ್ತದೋ ಕೊಟ್ಬುಡಿ. ಎದ್ರಾಡ್ಬ್ಯಾಡಿ."

"ಅತ್ತೆ, ಇದು ಯಂತ್ರ. ದೆವ್ವ ಅಲ್ಲ."

"ನಾನೆಲ್ಲಪ್ಪ ದೆವ್ವ ಅಂದಿ? ಕೊಟ್ಬುಡಿ ಅಂದಿ" ಎಂದು ಒಳಗೆ ಹೋದರು.

ನಾನು ನಕ್ಕೆ. ಆದರೆ ಅಂದಿನಿಂದ ಆ ನಡುಮನೆಯಲ್ಲಿ ಏನೋ ಸರಿಯಿಲ್ಲ ಎಂದು ನನಗೂ ಅನ್ನಿಸತೊಡಗಿತು. ಕಂಪ್ಯೂಟರ್ ಹೇಳುವ ಮಾತುಗಳೇ ಹಾಗಿದ್ದವು. "ಏನಂತೆ ಈಗ?" ಎಂದು ನಾಗರತ್ನ ಕೇಳಿದಾಗ ನಾನು ತೆರೆಯ ಮೇಲಿದ್ದ ಇಂಗ್ಲಿಷನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದು ಹೇಳಿದೆ: "ಒಂದು ಪ್ಯಾಕೇಜು ಅನಾಥವಾಗಿದೆಯಂತೆ. ಇನ್ನೊಂದು ಕಡೆ ತಾಯಿ ಹೋಗಿಬಿಟ್ಟಿದೆ, ಮಗು ಸತ್ತರೂ ಹೋಗದೆ ಪ್ರೇತವಾಗಿ ಇಲ್ಲೇ ನಿಂತಿದೆಯಂತೆ. ಕೊಲ್ಲಲೇ ಅಂತ ಕೇಳ್ತಿದೆ."

"ಸಾವಾಗಿರೋ ಮನೇಲಿ ಆಡೋ ಮಾತೇನ್ರೀ ಇವು!" ಎಂದು ಅವಳು ಕಂಪ್ಯೂಟರಿಗೂ ನನಗೂ ಸೇರಿಸಿ ಬೈದು, ಹಣೆಗೆ ವಿಭೂತಿ ಇಟ್ಟಳು. ನನ್ನ ಹಣೆಗಲ್ಲ, ಮಾನಿಟರಿನ ಹಣೆಗೆ.

ಹಬ್ಬ ಹತ್ತಿರ ಬರುತ್ತಿತ್ತು. ಅತ್ತೆ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಅದರ ಬದಲು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬಂದು, ಕಂಪ್ಯೂಟರಿಗೆ ಒಂದು ಕಿವಿ ಕೊಟ್ಟು ನಿಂತು, ಹೋಗುತ್ತಿದ್ದರು. ಅವರು ಹಾಗೆ ನಿಂತದ್ದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಒಬ್ಬ ಹೆಂಗಸು ಕೇಳಿದ್ದು ಒಂದೇ ಒಂದು, ಅದನ್ನೂ ಕೊಡಲಾಗದ ಅಳಿಯ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನಲ್ಲೇ ಅನಾಹುತ ಮಾಡಿಕೊಂಡೆ. ಹೊಸ ಪ್ಯಾಕೇಜು ಹಾಕುವಾಗ ಕಂಪ್ಯೂಟರ್ ಉದ್ದನೆಯ ಪಟ್ಟಿಯೊಂದನ್ನು ತೋರಿಸಿ, ಇವನ್ನೆಲ್ಲ ತೆಗೆದುಹಾಕಬೇಕಾಗುತ್ತದೆ, ಸಮ್ಮತವೇ ಎಂದಿತು. ಸಮ್ಮತ ಎಂದೆ. ಓದಲಿಲ್ಲ. ಅದು ಭಕ್ತಿಯಿಂದ ಒಂದೊಂದಾಗಿ ತೆಗೆಯಿತು. ಕೊನೆಗೆ ತೆರೆಯ ಮೇಲಿದ್ದ ಚಿತ್ರವನ್ನೂ ತೆಗೆಯಿತು, ಮೌಸಿನ ಬಾಣವನ್ನೂ ತೆಗೆಯಿತು. ಒಂದು ಸಣ್ಣ ಸದ್ದು ಹಾಡಿಸಲು ಹೋಗಿ ಇಡೀ ಮನೆಯನ್ನು ಖಾಲಿ ಮಾಡಿಸಿದ್ದೆ! ಉಳಿದದ್ದು ಕಪ್ಪು ತೆರೆ. ಅದರ ಮೂಲೆಯಲ್ಲಿ ಒಂದು ಬಿಳಿ ಗೆರೆ ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿತ್ತು.

ಅತ್ತೆ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಉಸ್ರಾಡ್ತಾ ಅದೆ" ಎಂದರು.

ನನ್ನ ಬೆನ್ನಿನಲ್ಲಿ ಸಣ್ಣಗೆ ಚಳಿ ಹೊಕ್ಕಿತು. ವೈಜ್ಞಾನಿಕ ಕಾರಣ ಹುಡುಕಿದೆ. ಕಿಟಕಿ ತೆರೆದಿತ್ತು. ಮುಚ್ಚಿದೆ. ಚಳಿ ಹೋಗಲಿಲ್ಲ.

ಮತ್ತೆ ಬಸ್ಸು, ಮತ್ತೆ ಸಾದಿಕ್ ಭಾಯಿ. ಈ ಸಲ ಅವನು ಇಡೀ ಲಿನಕ್ಸನ್ನೇ ಒಂದು ಕಂತೆ ಸಿ.ಡಿ.ಗಳಿಗೆ ತುಂಬಿ ಕೊಟ್ಟ. ಕಪ್ಪು ತೆರೆ ಹೋಗಿ ಚಿತ್ರ ಮರಳಿ ಬಂತು. ಒಂದು ಸಿ.ಡಿ. ಮುಗಿದರೆ ಅದು ತಟ್ಟೆಯನ್ನು ತಾನೇ ಹೊರಗೆ ಚಾಚಿ ಮುಂದಿನದನ್ನು ಕೇಳುತ್ತಿತ್ತು. ಹೀಗೆ ಅದು ಕೆಲಸದಲ್ಲಿ ತೊಡಗಿದ್ದಾಗ ನಾನು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಮಬ್ಬುಗತ್ತಲಾಗಿತ್ತು. ತಟ್ಟೆ ಒಳಗೆ ಹೋಗಿತ್ತು. ಡ್ರೈವಿನಿಂದ ಕರಕರ ಎಂದು ಏನೋ ಅಗಿಯುವ ಸದ್ದು ಬರುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಮುಟ್ಟುವವರಲ್ಲ. ಯಾರೂ ಇರಲೂ ಇಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಪಟದ ಮುಂದಿನ ದೀಪ ಅಲ್ಲಾಡಿತು. ತಟ್ಟೆ ಮೆಲ್ಲಗೆ ಹೊರಗೆ ಬಂತು. ಅದರ ಮೇಲೆ ಚೂರುಚೂರಾದ ವೀಳ್ಯದೆಲೆ, ಎರಡು ತುಂಡು ಅಡಕೆ!

ನಾನು ಕೂಗಿದ ಕೂಗಿಗೆ ಅತ್ತೆ ಪಕ್ಕದ ಮನೆಯಿಂದ ಓಡಿಬಂದರು.

"ಯಾಕಪ್ಪಾ? ಕೈ ಚಾಚ್ತು, ಇಕ್ದಿ. ಅವ್ರು ಯಾವತ್ತೂ ಎಲಡ್ಕೆ ಇಲ್ದೆ ಮಾತಾಡ್ದೋರಲ್ಲ" ಎಂದರು.

ಅಡಕೆ ಚೂರುಗಳನ್ನು ಸೂಜಿಯಿಂದ ಎತ್ತಿ ತೆಗೆದೆ. ಡ್ರೈವು ಉಳಿಯಿತು.

ಹಿರಿಯರ ಹಬ್ಬ ಬಂತು. ನಮ್ಮ ಕಡೆ ಆ ದಿನ ತೀರಿಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದೆಲ್ಲ ಬಾಳೆಲೆ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಹೋಗಬಾರದು, ಮಾತಾಡಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಆ ಊಟವನ್ನೇ ಪ್ರಸಾದವೆಂದು ಉಣ್ಣುತ್ತೇವೆ. ಇದನ್ನೆಲ್ಲ ನಡೆಸಿಕೊಡಲು ಮಾವನ ತಮ್ಮ, ಕುದೇರಿನ ಚಿಕ್ಕಪ್ಪ, ಬೆಳಿಗ್ಗೆಯೇ ಬಂದಿಳಿದಿದ್ದರು. ಗಟ್ಟಿ ದನಿ, ಗಟ್ಟಿ ಮೀಸೆ. ಶಾಸ್ತ್ರದಲ್ಲಿ ಒಂದಿಂಚು ಬಿಡುವವರಲ್ಲ.

ಎಡೆ ಇಡಬೇಕಾದದ್ದು ಮಾವನ ಪಟದ ಕೆಳಗೆ. ಅಂದರೆ ನನ್ನ ಕಂಪ್ಯೂಟರಿನ ಎದುರು.

ನಾನು ಆಗ ಕೊನೆಯ ಪ್ಯಾಕೇಜಿನ ಮುಂದೆ ಕೂತಿದ್ದೆ. ಎಲ್ಲ ಸಿಕ್ಕಿತ್ತು, ಸದ್ದನ್ನು ಸ್ಪೀಕರಿಗೆ ದಾಟಿಸುವ ಒಂದು ಮಾತ್ರ ಉಳಿದಿತ್ತು. ಅದು ಒಳಗೆ ಇಳಿಯುತ್ತಾ ಇಳಿಯುತ್ತಾ ನಡುವೆ ಎಲ್ಲೋ ನಿಂತು ಯೋಚಿಸತೊಡಗಿತು. ನಾನು ಮಾವನ ಫೈಲನ್ನು ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಸದ್ದಿಲ್ಲ. ಲಿಫ್ಟಿನ ಬಟನ್ನನ್ನು ಅವಸರಗಾರರು ಒತ್ತುವ ಹಾಗೆ ಒತ್ತುತ್ತಲೇ ಹೋದೆ.

"ಮೇಷ್ಟ್ರೇ! ಅಣ್ಣ ಬರೋ ವೊತ್ತು, ಏಳಿ ಮೇಲೆ!" ಎಂದರು ಚಿಕ್ಕಪ್ಪ. "ಅದ್ರ ಮೇಲ್ ಏನಾರ ವೊದ್ಸಿ. ಅದ್ನ ನೋಡಿ ಎದ್ರಕಂಡು ವಾಪಸ್ ಓಗ್ಬುಟ್ಟಾನು."

ಆಫ್ ಮಾಡಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಹಾಗೇ ಬಿಟ್ಟು ಒಂದು ಬೆಡ್‌ಶೀಟು ಹೊದಿಸಿದೆ. ಮುಸುಕು ಹೊದ್ದ ಮನುಷ್ಯ ಕೂತ ಹಾಗೆ ಕಾಣುತ್ತಿತ್ತು. ನೋಡಬಾರದಿತ್ತು, ನೋಡಿದೆ. ಎಡೆಯಲ್ಲಿ ಮುದ್ದೆ, ಮಾಂಸದ ಸಾರು, ಕಜ್ಜಾಯ, ಎಲೆಯಡಕೆ ಎಲ್ಲ ಇದ್ದವು. ಧೂಪದ ಹೊಗೆ ಕೋಣೆ ತುಂಬಿತು. ನಾವು ಹೊರಗೆ ಬಂದೆವು. ಕೊನೆಯಲ್ಲಿ ಬಂದವನು ನಾನು. ಬಾಗಿಲು ಎಳೆದುಕೊಂಡೆ.

ಜಗಲಿಯ ಮೇಲೆ ಸಾಲಾಗಿ ಕೂತೆವು. ಹೊತ್ತು ಮುಳುಗಿತ್ತು. ಬೀದಿಯ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಎಲ್ಲ ಜಗಲಿಗಳ ಮೇಲೂ ಜನ ಹೀಗೇ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾಯಿ ಕೂಡ ಬೊಗಳುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕಪ್ಪಾಯಿತು. ಸತ್ತೆ, ಪ್ಯಾಕೇಜು ಅರ್ಧಕ್ಕೇ ನಿಂತಿತು, ಇವತ್ತೂ ಅತ್ತೆಗೆ ದನಿ ಕೇಳಿಸಲಾಗಲಿಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಒಳಗೆ ಯಾರೋ ಕೆಮ್ಮಿದರು.

ಆಹಾ, ಬಂತು! ಎಂದು ನನ್ನ ಎದೆ ಉಬ್ಬಿತು. ಗೆದ್ದೆ! ಹೊರಳಿ ಅತ್ತೆಗೆ ಹೇಳಬೇಕೆಂದು ಬಾಯಿ ತೆರೆದವನು ತೆರೆದ ಬಾಯಲ್ಲೇ ನಿಂತೆ. ಕರೆಂಟಿಲ್ಲ. ಕರೆಂಟಿಲ್ಲದೆ ಕಂಪ್ಯೂಟರ್ ಮಾತಾಡುವುದಿಲ್ಲ. ಹಾಗಾದರೆ ಕೆಮ್ಮಿದ್ದು ಯಾರು?

"ಇದ್ಯಾಕ್ಲಾ ಕೆಂಪ್ ದೀಪ ಉರೀತಾ ಅದೆ?" ಎಂದರು ಮಾವ.

ಮಾವನೇ! ಆ ಗೊಗ್ಗರು ದನಿ, ಎಲೆ ಜಗಿಯುತ್ತಾ ಆಡುವ ಆ ಮಾತು. ನಾನು ಜಗಲಿಯ ಕಂಬದ ಹತ್ತಿರ ಸರಿದೆ. ಒಳಗಿನಿಂದ ಇನ್ನೊಂದು ಕೆಮ್ಮು ಕೇಳಿಸಿತು. ಅದರ ಹಿಂದೆಯೇ ಮತ್ತೊಂದು. "ಇದ್ಯಾಕ್ಲಾ ಕೆಂಪ್ ದೀಪ..." ಎಂದು ಇನ್ನೊಬ್ಬ ಮಾವ ಆರಂಭಿಸಿದರು. ಮೊದಲನೆಯ ಮಾವ ಅಷ್ಟರಲ್ಲಿ ಮುಂದಕ್ಕೆ ಹೋಗಿದ್ದರು.

"ಬಾಕ್ಲು ಯಾರ್ಲಾ ಹಾಕ್ದೋರು?"

"ನಾನಲ್ಲ ಕಣಣ್ಣ!" ಎಂದು ಚಿಕ್ಕಪ್ಪ ಜಗಲಿಯಿಂದ ಬೀದಿಗೆ ಹಾರಿದರು. "ಮೇಷ್ಟ್ರು ಕಣಣ್ಣ! ಮೇಷ್ಟ್ರು ಹಾಕ್ದೋರು!"

ಕಂಬ ತಬ್ಬಿಕೊಂಡದ್ದು ಆಗಲೇ. ನ್ಯೂಟನ್ನಿನಿಂದ ಹಿಡಿದು ನನಗೆ ಗೊತ್ತಿದ್ದ ಅಷ್ಟೂ ನಿಯಮಗಳನ್ನು ನೆನಪಿಸಿಕೊಂಡೆ. ಒಂದೂ ನನ್ನ ನೆರವಿಗೆ ಬರಲಿಲ್ಲ. ನಾಗರತ್ನ ನನ್ನ ಬೆನ್ನು ಹಿಡಿದುಕೊಂಡು "ಅಪ್ಪಾ, ಅಪ್ಪಾ" ಎಂದು ಅಳುತ್ತಿದ್ದಳು. ಒಳಗೆ ಈಗ ಒಂದು ಜಾತ್ರೆಯಷ್ಟು ಮಾವಂದಿರು ನೆರೆದಿದ್ದರು. ಒಬ್ಬರು ಕೆಮ್ಮುತ್ತಿದ್ದರು, ಒಬ್ಬರು ದೀಪ ಎನ್ನುತ್ತಿದ್ದರು, ಒಬ್ಬರು ಬಾಗಿಲು ಎನ್ನುತ್ತಿದ್ದರು. ಜೀವಮಾನವಿಡೀ ಆಡದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ ಒಂದೇ ಸಂಜೆಗೆ ಖರ್ಚು ಮಾಡಲು ಬಂದವರ ಹಾಗೆ.

ಅಷ್ಟೂ ದನಿಗಳ ನಡುವೆ ಒಂದು ದನಿ ಎದ್ದಿತು. ಬೇರೆ ಥರ. ಮೆತ್ತಗೆ.

"ಇವ್ಳೇ... ಇವ್ಳೇ... ವಸಿ ನೀರ್ ಕೊಡು."

ಅತ್ತೆ ಎದ್ದು ನಿಂತರು.

ಎಡೆಯಲ್ಲಿ ಎಲ್ಲ ಇತ್ತು. ನೀರಿರಲಿಲ್ಲ. ಗಡಿಬಿಡಿಯಲ್ಲಿ ಯಾರೂ ನೀರಿಟ್ಟಿರಲಿಲ್ಲ. ಅತ್ತೆ ಜಗಲಿಯ ಮೂಲೆಯ ಕೊಳದಪ್ಪಲೆಯಿಂದ ಚೊಂಬಿಗೆ ನೀರು ಬಗ್ಗಿಸಿಕೊಂಡು ಬಾಗಿಲ ಕಡೆಗೆ ನಡೆದರು.

"ಅತ್ಗೇ! ಬಾಕ್ಲು ತಗೀಬ್ಯಾಡಿ! ಶಾಸ್ತ್ರ ಅಲ್ಲ!" ಎಂದು ಚಿಕ್ಕಪ್ಪ ಬೀದಿಯಿಂದಲೇ ಕಿರುಚಿದರು.

"ಆಸ್ಪತ್ರೇಲಿ ನೀರು ನೀರು ಅಂತ ಬಾಯ್ ಬುಟ್ರು" ಎಂದರು ಅತ್ತೆ. ದನಿ ನಡುಗಲಿಲ್ಲ. "ಡಾಕುಟ್ರು ಕೊಡ್ಬ್ಯಾಡಿ ಅಂದ. ನಾನು ಕೊಡ್ನಿಲ್ಲ. ಅಂಗೇ ಒಂಟೋದ್ರು. ಈಗ ಇಲ್ಯಾವ್ ಡಾಕುಟ್ರು ಅವ್ನೆ?"

ಬಾಗಿಲು ತೆಗೆದು ಒಳಗೆ ಹೋದರು. ಬಾಗಿಲು ಮುಂದಕ್ಕೆ ಎಳೆದುಕೊಂಡರು. ನಾನು ಹೋಗಿ ತಡೆಯಬೇಕಿತ್ತು. ಕಂಬ ಬಿಡಲಿಲ್ಲ. ಅಥವಾ ನಾನು ಕಂಬವನ್ನು ಬಿಡಲಿಲ್ಲ. ಒಳಗೆ ಎಲ್ಲ ಮಾವಂದಿರೂ ಈಗ ಅದೇ ಮಾತಿಗೆ ಬಂದು ಸೇರಿದ್ದರು. ಇವ್ಳೇ, ಇವ್ಳೇ, ನೀರ್ ಕೊಡು, ವಸಿ ನೀರ್ ಕೊಡು. ನಡುವೆ ಅತ್ತೆಯ ದನಿ ಕೇಳಿಸಿತು. "ತಂದಿವ್ನಿ ತಡೀರಿ" ಎನ್ನುತ್ತಿದ್ದರು, ದಿನಾ ಹೇಳುವ ಹಾಗೆ.

ಟಪ್ ಎಂದಿತು. ಎಲ್ಲ ದನಿಗಳೂ ಒಟ್ಟಿಗೆ ನಿಂತವು.

ಅತ್ತೆ ಹೊರಗೆ ಬಂದರು. ಚೊಂಬನ್ನು ಬೋರಲು ಹಿಡಿದಿದ್ದರು. ಒಂದು ಹನಿಯೂ ಇರಲಿಲ್ಲ.

"ಕುಡುದ್ರು" ಎಂದರು.

ಆ ಒಂದು ಮಾತಿಗೆ ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕರೆಂಟು ಬರುವ ತನಕ ಯಾರೂ ಅಲ್ಲಾಡಲಿಲ್ಲ. ಬಂದ ಮೇಲೆ, ಮನೆಯ ಗಂಡಸು ಎಂಬ ಕಾರಣಕ್ಕೆ ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಒಳಗೆ ಹೋದೆ. ಸುಟ್ಟ ವೈರಿನ ವಾಸನೆ ಧೂಪವನ್ನೂ ಮೀರಿಸಿ ಮೂಗಿಗೆ ಬಡಿಯಿತು. ಬೆಡ್‌ಶೀಟು ತೊಯ್ದು ತೊಪ್ಪೆಯಾಗಿತ್ತು. ಕಂಪ್ಯೂಟರಿನ ಡಬ್ಬದ ಬುಡದಿಂದ ನೀರು ತೊಟ್ಟಿಕ್ಕಿ ಎಡೆಯ ಎಲೆಯ ತುದಿ ಮುಟ್ಟಿತ್ತು. ಮೇಜಿನ ಕೆಳಗೆ ಯು.ಪಿ.ಎಸ್. ಕೂತಿತ್ತು. ಕೆಂಪು ದೀಪ ಉರಿಸಿಕೊಂಡು!

ಯು.ಪಿ.ಎಸ್.! ಕರೆಂಟು ಹೋದಾಗ ಕಂಪ್ಯೂಟರನ್ನು ಬದುಕಿಸಲೆಂದೇ ನಾನು ತಂದು, ಬ್ಯಾಟರಿ ಸತ್ತಿತೆಂದು ಕೈಬಿಟ್ಟಿದ್ದ, ಆದರೆ ಕಂಪ್ಯೂಟರಿಗೆ ಸಿಕ್ಕಿಸಿದ್ದನ್ನು ಬಿಚ್ಚದೆ ಮರೆತಿದ್ದ ಪೆಟ್ಟಿಗೆ. ಕರೆಂಟು ಹೋದಾಗಲೆಲ್ಲ ಅದು ಕಿರುಚುವುದನ್ನು ತಾಳದೆ ಅದರ ಕೊರಳಿನ ವೈರನ್ನು ಕಿತ್ತವನೂ ನಾನೇ. ಸತ್ತಿದ್ದ ಅದು ಅಂದು ಹೇಗೋ ಎದ್ದು ಕೂತಿತ್ತು. ಆ ಉಸಿರಿನಲ್ಲೇ ಕೊನೆಯ ಪ್ಯಾಕೇಜು ಒಳಗೆ ಇಳಿದಿತ್ತು. ನಾನು ಒತ್ತಿ ಒತ್ತಿ ಸಾಲಾಗಿ ನಿಲ್ಲಿಸಿದ್ದ ಮಾವಂದಿರೆಲ್ಲ ದಾರಿ ತೆರೆದ ಕೂಡಲೇ ಒಟ್ಟಿಗೆ ಹೊರಬಂದಿದ್ದರು. ಎಲ್ಲಕ್ಕೂ ಕಾರಣವಿತ್ತು. ಎಲ್ಲವೂ ವಿಜ್ಞಾನ. ಇದನ್ನು ನಾನು ಜೋರಾಗಿ, ಬೋರ್ಡಿನ ಮೇಲೆ ಬರೆದು ತೋರಿಸುವವನ ಹಾಗೆ ಎಲ್ಲರಿಗೂ ವಿವರಿಸಿದೆ.

ಚಿಕ್ಕಪ್ಪ ಪೂರ್ತಿ ಕೇಳಿದರು. ಆಮೇಲೆ ಮೀಸೆ ತಿರುವಿ, "ಅದ್ಸರಿ ಮೇಷ್ಟ್ರೆ, ಅಷ್ಟ್ ಇಗ್ನಾನ ಗೊತ್ತಿದ್ರೆ ಕಂಬ ಯಾಕ್ ಹಿಡ್ಕಂಡಿದ್ರಿ?" ಎಂದರು.

ಮಾರನೆಯ ಬೆಳಿಗ್ಗೆ ಹಾಲಿನವನು ಬಂದು, ತನ್ನ ಅಪ್ಪನನ್ನೂ ಒಂದು ಸಲ ಕರೆಸಿಕೊಡಬೇಕೆಂದು ಮೆಲ್ಲಗೆ ಕೇಳಿದ. ಎದುರುಮನೆಯಾಕೆಗೆ ತನ್ನ ಅತ್ತೆ ಒಡವೆ ಎಲ್ಲಿ ಹೂತಿಟ್ಟರು ಎಂದು ವಿಚಾರಿಸಬೇಕಿತ್ತಂತೆ. ಇಬ್ಬರನ್ನೂ ಗದರಿಸಿ ಕಳಿಸಿದೆ. ನಾನು ಗದರಿಸಿದಷ್ಟೂ ಅವರ ನಂಬಿಕೆ ಹೆಚ್ಚುತ್ತಿತ್ತು.

ಕಂಪ್ಯೂಟರನ್ನು ಬಿಚ್ಚಿ ಬಿಸಿಲಿಗಿಟ್ಟು ನೋಡಿದೆ. ಡಿಸ್ಕು ಸುಟ್ಟಿತ್ತು. ಮಾವನ ದನಿ ಹೋಗಿತ್ತು. ಇನ್ನೆಲ್ಲೂ ಇರಲಿಲ್ಲ. ನನಗೆ ಹೇಳಲಾರದಷ್ಟು ದುಃಖವಾಯಿತು. ಸಂಜೆ ಅತ್ತೆಯ ಮುಂದೆ ಹೋಗಿ ನಿಂತೆ.

"ಅತ್ತೆ, ನಿನ್ನೆ ಮಾತಾಡಿದ್ದು ಕಂಪ್ಯೂಟರು. ಮಾವ ಬಂದಿರಲಿಲ್ಲ. ಆ ದನಿ ಇನ್ನಿಲ್ಲ. ನನ್ನಿಂದ ಹೀಗಾಯ್ತು. ಮೈಸೂರಿನಲ್ಲಿ ಸುಟ್ಟ ಡಿಸ್ಕಿನಿಂದ ತೆಗೆದುಕೊಡುವವರು ಇದ್ದಾರಂತೆ. ತೆಗೆದುಕೊಂಡು ಹೋಗಿ..."

"ಗೊತ್ತು ಕಣಪ್ಪ, ನಿಮ್ ಪೆಟ್ಗೆ ಅಂತ" ಎಂದರು ಅತ್ತೆ. "ಅಷ್ಟೂ ತಿಳೀದಾ ನಂಗೆ? ಆದ್ರೂ ನೀರ್ ಬೇಡ್ದೋರು ಅವ್ರೇ ತಾನೆ?"

ಅವರು ಬಿಸಿಲಲ್ಲಿ ಒಣಗುತ್ತಿದ್ದ ಬಿಡಿಭಾಗಗಳನ್ನು ಒಮ್ಮೆ ನೋಡಿದರು.

"ನೀವು ಇನ್ನೆಲ್ಗೂ ಓಗ್ಬ್ಯಾಡಿ. ರಿಪೇರಿನೂ ಬ್ಯಾಡ. ನೀರ್ ಕುಡ್ದು ಮನಿಕಂಡವ್ರೆ. ಎಬ್ಬುಸ್ಬ್ಯಾಡಿ" ಎಂದರು.

ನಾನು ಹೋಗಿ ಗೋಡೆಯಿಂದ ಪ್ಲಗ್ಗನ್ನು ಕಿತ್ತೆ, ವೈರನ್ನು ನೀಟಾಗಿ ಸುತ್ತಿಟ್ಟೆ. ಅದಕ್ಕೆ ಯಾವ ಪ್ಯಾಕೇಜೂ ಬೇಕಾಗಲಿಲ್ಲ. ಅಷ್ಟು ದಿನಗಳಲ್ಲಿ ನಾನು ಒಂದೇ ಸಲಕ್ಕೆ ಸರಿಯಾಗಿ ಮಾಡಿ ಮುಗಿಸಿದ ಕೆಲಸ ಅದೊಂದೇ!